ಚಿಲಕ ಮುಟ್ಟುವ ತನಕ

ಹುಲಿಗೆಮ್ಮ ನೆಟ್ಟರೆ ಒಲೆಗೆ ಇಡುವ ಕಡ್ಡಿಯೂ ಬೇರು ಬಿಡುತ್ತದೆ ಎಂದು ಬಬ್ಬೂರಿನ ಕಡೆ ಈಗಲೂ ಹೇಳುತ್ತಾರೆ. ಅದೇ ಬಾಯಲ್ಲಿ ಅವಳ ಮಗ ಬೀರಪ್ಪನ ಬಗ್ಗೆ ಇನ್ನೊಂದು ಮಾತನ್ನೂ ಸೇರಿಸುತ್ತಾರೆ. ಅವನು ಕುಳ್ಳನಾಗಿ ಉಳಿದದ್ದಕ್ಕೆ ಅವನೇ ಕಾರಣವಂತೆ! ಕೇಳಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ. ನಾನು ಅನ್ನಪೂರ್ಣಮ್ಮ, ಕಾಲುವೆ ಬಂಗಲೆಯಲ್ಲಿ ತಲೆ ನರೆಯುವ ತನಕ ಅಡಿಗೆ ಮಾಡಿದವಳು. ಆ ತಾಯಿ ಮಗ ಇದ್ದ ಕೋಣೆಗೂ ನನ್ನ ಕೋಣೆಗೂ ನಡುವೆ ಒಂದೇ ಗೋಡೆ. ಆದದ್ದೇನು ಅಂತ ನಾನು ಹೇಳುತ್ತೇನೆ, ಕೇಳಿ.

ಬಂಗಲೆ ಇದ್ದದ್ದು ಹಿರಿಯೂರಿನಿಂದ ಬಬ್ಬೂರಿಗೆ ಹೋಗುವ ದಾರಿಯಲ್ಲಿ, ಕಾಲುವೆ ಏರಿಯ ಕೆಳಗೆ. ಮಹಾರಾಜರ ಕಾಲದಲ್ಲಿ ಯಾರೋ ಇಂಜಿನಿಯರರ ಹೆಂಡತಿ ಮಳೆ ಹೆಚ್ಚಿನ ಸೀಮೆಯಿಂದ ಬಣ್ಣದೆಲೆಯ ಗಿಡಗಳನ್ನು ತರಿಸಿ ಜಗುಲಿಯ ತುಂಬ ಇಡಿಸಿದ್ದಳಂತೆ. ಕ್ರೋಟನ್ನು, ರಬ್ಬರ್ ಗಿಡ, ಎಲೆಯ ಮೇಲೆ ಮಜ್ಜಿಗೆ ಚಿಮುಕಿಸಿದಂತೆ ಚುಕ್ಕೆ ಇರುವ ಇನ್ನೊಂದು. ಹೂವಿಲ್ಲ, ಹಣ್ಣಿಲ್ಲ, ಪೂಜೆಗೂ ಬಾರವು, ಸಾರಿಗೂ ಬಾರವು. ನಮ್ಮ ಬಿಸಿಲಲ್ಲಿ ಸಾಯಲಿಕ್ಕೆಂದೇ ಬಂದಂತಿದ್ದವು. ಮಾಲಿ ಚಿತ್ತಯ್ಯಜ್ಜ ಅವುಗಳಿಗೆ ನೀರು ಹೊತ್ತೂ ಹೊತ್ತೂ ಬೆನ್ನು ಬಗ್ಗಿಸಿಕೊಂಡಿದ್ದ.

ಸ್ವಾತಂತ್ರ್ಯ ಬಂದ ಮರುವರ್ಷ, ಸುಗ್ಗಿ ಮುಗಿದ ಮೇಲೆ, ಮತ್ತೋಡಿನ ಕಡೆಯ ಕುರುಬರು ಗೊಬ್ಬರಕ್ಕೆಂದು ಬಬ್ಬೂರಿನ ಹೊಲಗಳಲ್ಲಿ ಕುರಿಮಂದೆ ನಿಲ್ಲಿಸಿದ್ದರು. ಅವರಲ್ಲಿ ಗುಡ್ಡಪ್ಪ ಅನ್ನುವವನ ಹೆಂಡತಿ ಒಂದು ಮಧ್ಯಾಹ್ನ ಕುಡಿಯುವ ನೀರಿಗೆಂದು ಬಂಗಲೆಗೆ ಬಂದಳು. ಅವಳೇ ಹುಲಿಗೆಮ್ಮ. ಮದುವೆಯಾಗಿ ಇನ್ನೂ ಅರಿಸಿನ ಆರಿರಲಿಲ್ಲ. ಹಿತ್ತಲಲ್ಲಿ ಚಿತ್ತಯ್ಯಜ್ಜ ಕ್ರೋಟನ್ ಕಡ್ಡಿಗಳನ್ನು ಮರಳಿಗೆ ಚುಚ್ಚಿಕೊಂಡು ಕೂತಿದ್ದ. ಎಲ್ಲವೂ ತಲೆ ಬಗ್ಗಿಸಿ ಜೋತಿದ್ದವು.

"ಅಜ್ಜಾ, ಈ ಬಿಸಿಗಾಳಿಯಾಗೆ ಹಸುಗೂಸನ್ನ ಹೊದಿಕೆ ಇಲ್ದೆ ಮಲಗಿಸ್ತಾರಾ?" ಅಂದಳು ಇವಳು.

"ನೀನೇ ಹೊದಿಸಮ್ಮ ತಾಯಿ," ಅಂದ ಅಜ್ಜ, ಸಿಟ್ಟಿನಲ್ಲಿ.

ಅವಳು ಹೆಗಲ ಮೇಲಿದ್ದ ಕರಿಕಂಬಳಿ ತೆಗೆದು ಕಾಲುವೆಯಲ್ಲಿ ಅದ್ದಿ ತಂದು, ನಾಲ್ಕು ಕೋಲು ನೆಟ್ಟು, ಕಡ್ಡಿಗಳ ಮೇಲೆ ಡೇರೆಯಂತೆ ಕಟ್ಟಿಯೇಬಿಟ್ಟಳು. ಒಳಗೆ ಕೈಯಿಟ್ಟರೆ ಮಳೆಗಾಲದ ತಂಪು. ಸಂಜೆಗೆ ಎಲೆಗಳು ತಲೆ ಎತ್ತಿದವು. ಚಿತ್ತಯ್ಯಜ್ಜ ಅವಳನ್ನು ಬಿಡಲಿಲ್ಲ. ಬಂಗಲೆಯ ಇಂಜಿನಿಯರ್ ಸಾಹೇಬರ ಕಾಲು ಹಿಡಿದು ಅವಳಿಗೆ ನೀರು ಹಾಕುವ ಕೆಲಸ ಕೊಡಿಸಿದ. ಗುಡ್ಡಪ್ಪ ಕುರಿಗಳ ಹಿಂದೆ ಹೋದ. ವರ್ಷದಲ್ಲಿ ಎರಡು ಸಲ ಬಂದು ಮುದ್ದೆ ಉಂಡು ಹೋಗುವ ಗಂಡನಾಗಿಯೇ ಅವನು ಉಳಿದ.

ಕೆಲಸ ಅವಳಿಗೆ ಒಲಿದುಬಿಟ್ಟಿತು. ಗಿಣ್ಣಿನ ಕೆಳಗೆ ಓರೆಯಾಗಿ ಕಡ್ಡಿ ಕೊಯ್ಯುವುದು, ದೊಡ್ಡ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ ನೀರು ಆರದಂತೆ ಮಾಡುವುದು, ಬುಡಕ್ಕೆ ಒಂದು ಚಿಟಿಕೆ ಉಣ್ಣೆ ಸುತ್ತಿ ವೇದಾವತಿಯ ಮರಳಲ್ಲಿ ನೆಡುವುದು, ಮೇಲೆ ಒದ್ದೆ ಕಂಬಳಿ. ಉಣ್ಣೆ ಸುತ್ತಿದ ಕಡ್ಡಿ ಚಳಿಗಾಲದಲ್ಲೂ ಸಾಯುತ್ತಿರಲಿಲ್ಲ. ಬಂಗಲೆಯೆಲ್ಲ ಕುರಿಹಟ್ಟಿಯ ವಾಸನೆ. ಸಾಹೇಬರ ಕಾಫಿಯಲ್ಲೂ ಕುರಿ ನೆಂದಂತಿದೆ ಎಂದು ನಾನು ಅವಳನ್ನು ರೇಗಿಸುತ್ತಿದ್ದೆ. "ಹಂಗಾದ್ರೆ ಹಾಲು ಕಡಿಮೆ ಹಾಕಕ್ಕ," ಅನ್ನುವಳು ನಗುತ್ತ. ಆಗ ಅವಳು ನಗುತ್ತಿದ್ದಳು. ಅದನ್ನು ನಾನು ಹೇಳದಿದ್ದರೆ ಈಗ ಯಾರಿಗೆ ಗೊತ್ತಾಗಬೇಕು?

ಬಣ್ಣದೆಲೆಯ ಗಿಡಗಳಿಗೆ ಇನ್ನೊಂದು ಚಾಕರಿ ಇದೆ. ಬಿಟ್ಟರೆ ಅವು ಬುಡ ಬೋಳಾಗಿ, ಮೇಲೊಂದು ಜುಟ್ಟು ಹೊತ್ತು, ಸೂರಿಗೆ ಏರುತ್ತವೆ. ತುದಿಯ ಹಸಿರನ್ನು ಉಗುರಿನಿಂದ ಚಿವುಟಿದರೆ ಏರುವುದು ನಿಂತು ಕೆಳಗಿನ ಗಿಣ್ಣುಗಳಿಂದ ಕವಲು ಒಡೆದು ಗುಂಡಗೆ ತುಂಬಿಕೊಳ್ಳುತ್ತವೆ. ಸಾಹೇಬರುಗಳಿಗೆ ಜಗುಲಿಯ ಸಾಲಿನ ಗಿಡವೆಲ್ಲ ಮೊಳಕಾಲಷ್ಟೇ ಎತ್ತರ, ಎಲ್ಲವೂ ಒಂದೇ ಸಮ ಇರಬೇಕು. ಹುಲಿಗೆಮ್ಮ ಬಸುರಿಯಾದ ವರ್ಷ ಯಾರೋ ದೊಡ್ಡವರು ಬರುತ್ತಾರೆಂದು ಗಿಡಗಳನ್ನು ತಿಂಗಳುಗಟ್ಟಲೆ ಸಿಂಗರಿಸಿದರು. ಅವಳು ಹೊಟ್ಟೆ ಹೊತ್ತುಕೊಂಡು, ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ತುದಿ ಚಿವುಟುತ್ತ ಸಾಲಿನುದ್ದಕ್ಕೂ ಸರಿಯುತ್ತಿದ್ದಳು. ಬರುತ್ತೇನೆಂದವರು ಬರಲೂ ಇಲ್ಲ.

ಗಂಡು ಮಗು ಹುಟ್ಟಿತು. ಮನೆದೇವರ ಹೆಸರು, ಬೀರಪ್ಪ. ಮುಖ ಲಕ್ಷಣವಾಗಿತ್ತು, ಮಾತು ಚುರುಕು. ಮೈ ಮಾತ್ರ ಏರಲಿಲ್ಲ. ಜೊತೆಯ ಮಕ್ಕಳು ಹುಣಿಸೆಮರ ಹತ್ತುವಾಗ ಇವನು ಅಡಿಗೆಮನೆ ಹೊಸಿಲು ದಾಟಲು ನನ್ನ ಸೆರಗು ಹಿಡಿಯುತ್ತಿದ್ದ. ಹುಲಿಗೆಮ್ಮ ಮೊದಮೊದಲು ಹೆದರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು, ಇವನಂತೂ ಚಿನ್ನದಂಥ ಕೂಸು. ಹೆದರಿಸಿದವಳು ಅವಳ ಅತ್ತೆ ಗಿರಿಯಮ್ಮ. ಮತ್ತೋಡಿನಿಂದ ಮೊಮ್ಮಗನನ್ನು ನೋಡಲು ಬಂದವಳು ಜಗುಲಿಯ ಗಿಡಗಳನ್ನೂ ನೋಡಿದಳು, ಮಗುವನ್ನೂ ನೋಡಿದಳು.

"ಬಸುರಿ ಇದ್ದಾಗ ಇದೇ ಕೆಲ್ಸ ಮಾಡ್ತಿದ್ದೇನೇ?"

"ಹೂಂ ಅತ್ತೆ."

"ಗಬ್ಬದ ಕುರಿಗೆ ಕತ್ರಿ ಹಾಕಬಾರ್ದು ಅಂತ ಗೊತ್ತಿರೋ ಮನೆತನದಾಗೆ ಹುಟ್ಟಿ, ಹೊಟ್ಟೇಲಿ ಕೂಸು ಇಟ್ಕಂಡು ಬೆಳೆಯೋ ತುದಿಗೆ ಉಗುರು ಹಾಕಿದೆಯಲ್ಲೇ ಪಾಪಿ! ಅವು ಹೆಂಗೆ ನಿಂತ್ವೋ ಹಂಗೇ ಇವ್ನೂ ನಿಂತ!"

ಅಯ್ಯೋ ಶಿವನೇ, ಅಡಿಗೆಮನೆಯಿಂದ ಸೌಟು ಹಿಡಿದೇ ಹೊರಗೆ ಬಂದೆ. "ಏನ್ರಮ್ಮಾ, ದೊಡ್ಡೋರಾಗಿ ಎಂಥ ಮಾತಾಡ್ತೀರಿ? ಗಿಡಕ್ಕೂ ಕೂಸಿಗೂ ಏನ್ ನಂಟು?" ಅಂದೆ. ಮುದುಕಿ ನನ್ನತ್ತ ತಿರುಗಿಯೂ ನೋಡಲಿಲ್ಲ. ಹುಲಿಗೆಮ್ಮ ತನ್ನ ಬಲಗೈಯನ್ನೇ ನೋಡಿಕೊಂಡು ಕೂತಿದ್ದಳು. ಹೆಬ್ಬೆರಳಿನ ಉಗುರಿಗೆ ಗಿಡದ ಸೊನೆ ಹತ್ತಿ ಕಪ್ಪಾಗಿತ್ತು.

ಮಗುವನ್ನು ಚಿತ್ರದುರ್ಗದ ಡಾಕ್ಟರಿಗೂ ತೋರಿಸಿದೆವು, ನಾನೇ ಜೊತೆಗೆ ಹೋಗಿದ್ದೆ. ಆತ ಒಳ್ಳೆಯವನು. ಕೆಲವು ಮಕ್ಕಳ ಮೂಳೆ ಹುಟ್ಟಿನಿಂದಲೇ ಹೀಗೆ, ಯಾರ ಕೈಯಿಂದಲೂ ಆದದ್ದಲ್ಲ ಎಂದು ಬಿಡಿಸಿ ಹೇಳಿದ. ಬಸ್ಸಿನಲ್ಲಿ ಬರುವಾಗ ಹುಲಿಗೆಮ್ಮ ಐಮಂಗಲ ದಾಟುವ ತನಕ ಮಗನ ಕಾಲು ನೀವುತ್ತ ಕೂತಿದ್ದಳು. ಆಮೇಲೆ, "ಡಾಕ್ಟರು ಯಾವತ್ತಾದ್ರೂ ಗಿಡ ಚಿವುಟ್ಯಾನಾ ಅಕ್ಕ? ಅವನಿಗೇನ್ ಗೊತ್ತು?" ಅಂದಳು.

ಆ ವಾರವೇ ಬೀರದೇವರ ಗುಡಿಗೆ ಹೋಗಿ ಹರಕೆ ಹೊತ್ತಳು. ಮಗನ ತಲೆ ತಮ್ಮ ಕೋಣೆಯ ಬಾಗಿಲ ಚಿಲಕ ಮುಟ್ಟುವ ತನಕ ಯಾವ ಗಿಡದ ಹಸಿರು ತುದಿಗೂ ತನ್ನ ಉಗುರಾಗಲಿ ಚಾಕುವಾಗಲಿ ತಾಗದು. ನೆನಪಿಗೆಂದು ಪೂಜಾರಿಯ ಕೈಯಲ್ಲಿ ಬಲಗೈ ಹೆಬ್ಬೆರಳಿಗೆ ಕರಿ ಉಣ್ಣೆಯ ದಾರ ಕಟ್ಟಿಸಿಕೊಂಡಳು. ಕುರುಬರು ಮದುವೆಯಲ್ಲಿ ಕಂಕಣ ಕಟ್ಟುವ ಉಣ್ಣೆಯೇ ಅದು. ಸವೆದಾಗ ಹೊಸತು ಸುತ್ತುತ್ತಿದ್ದಳು, ಬೆರಳು ಬರಿದಾಗಲು ಬಿಡುತ್ತಿರಲಿಲ್ಲ.

ಹೊಸ ಗಿಡ ಮಾಡುವುದನ್ನು ನಿಲ್ಲಿಸಿದಳೇ ಅಂದರೆ, ಇಲ್ಲ. ಅದಕ್ಕೂ ದಾರಿ ಹುಡುಕಿಕೊಂಡಳು. ಗಾಳಿಗೆ ಮುರಿದ ಕೊಂಬೆ ಮಾತ್ರ ನೆಡುವಳು. ಉದ್ದನೆಯ ಕೊಂಬೆಯನ್ನು ಬಗ್ಗಿಸಿ ಮಣ್ಣಲ್ಲಿ ಹೂತು, ಮೇಲೆ ಕಲ್ಲಿಟ್ಟು, ತಾಯಿಗಿಡದ ಮೈಮೇಲೆಯೇ ಬೇರು ಬರಿಸುವಳು. ತುದಿಯಿಲ್ಲದ ಬೋಳು ಕಾಂಡದ ತುಂಡುಗಳನ್ನು ಮರಳ ಮೇಲೆ ಮಲಗಿಸಿ ಕಂಬಳಿ ಹೊದಿಸುವಳು. ಅವೂ ಚಿಗುರಿದವು. ಆದರೆ ಜಗುಲಿಯ ಸಾಲು? ಅದನ್ನು ಚಿವುಟದೆ ಯಾರು ನಿಲ್ಲಿಸಬೇಕು? "ಸಾಹೇಬ್ರು ನೋಡಿದ್ರೆ ಕೆಲ್ಸದಿಂದ ತೆಗೀತಾರೆ ಕಣವ್ವ. ಕೂಸನ್ನ ಕಟ್ಕಂಡು ಎಲ್ಲಿಗೆ ಹೋಗ್ತಿ?" ಎಂದು ಚಿತ್ತಯ್ಯಜ್ಜ ಬೇಡಿಕೊಂಡ. ಅವಳು ದಾರ ಕಟ್ಟಿದ ಬೆರಳು ತೋರಿಸಿದಳು.

ಆಗ ಒಂದು ಅಚ್ಚರಿ ನಡೆಯಿತು. ಗಿಡಗಳು ಏರಲಿಲ್ಲ. ಒಂದೊಂದೂ ತಾನಾಗಿಯೇ ತುದಿ ನಿಲ್ಲಿಸಿ, ಕವಲೊಡೆದು, ಮೊಳಕಾಲೆತ್ತರಕ್ಕೆ ಗುಂಡಗೆ ತುಂಬಿಕೊಂಡಿತು. ಹುಲಿಗೆಮ್ಮ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದಳು.

"ಮೇಕೆ ಗೀಕೆ ಬಾಯಿ ಹಾಕೈತೇನೋ ನೋಡೇ," ಅಂದೆ.

"ಈ ಕಹಿ ಸೊನೆಗೆ ಮೇಕೆ ಬರಲ್ಲಕ್ಕ. ಇದು ಬೀರದೇವ್ರ ಕೆಲ್ಸ. ನನ್ ಕೈಯಿಂದ ಬಿಡಿಸಿ ತಾನೇ ವಹಿಸ್ಕಂಡಾನೆ. ಹರಕೆ ಒಪ್ಪಿದಾನೆ ಅಕ್ಕ. ಇನ್ನು ನನ್ ಮಗ ಬೆಳೀತಾನೆ!"

ಅವಳ ಕಣ್ಣಲ್ಲಿ ನೀರು. ನನ್ನ ಸೆರಗಿನಿಂದ ಒರೆಸಿದೆ. ನನಗೆ ಗೊತ್ತಿದ್ದದ್ದು ಒಲೆ, ಒಗ್ಗರಣೆ. ಗಿಡದ ಒಳಮರ್ಮ ನನಗೇನು ತಿಳಿಯಬೇಕು?

ಅಲ್ಲಿಂದ ಪ್ರತಿ ಯುಗಾದಿಗೂ ಎಣ್ಣೆನೀರು ಹಾಕಿ, ಹೊಸ ಅಂಗಿ ತೊಡಿಸಿ, ಮಗನನ್ನು ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲಿಸುವಳು. ಹಿಮ್ಮಡಿ ಬಾಗಿಲಿಗೆ ತಾಗಬೇಕು. ಎರಡು ಭುಜ ಒತ್ತಿ ಹಿಡಿದು ತಲೆಯಿಂದ ಚಿಲಕಕ್ಕೆ ಕಣ್ಣು ಹಾಯಿಸುವಳು. ಒಂದು ವರ್ಷ ಹುಡುಗ ಮೆಲ್ಲಗೆ ಹಿಮ್ಮಡಿ ಎತ್ತಿದ. ಅವಳಿಗೆ ತಿಳಿಯಿತು. ಬೈಯಲಿಲ್ಲ, ಭುಜ ಇನ್ನಷ್ಟು ಒತ್ತಿದಳು. "ಬರೋ ವರ್ಷ ಬಿಡು," ಅಂದು ಬೇವುಬೆಲ್ಲ ಬಾಯಿಗಿಟ್ಟಳು. ಬರೋ ವರ್ಷ, ಬರೋ ವರ್ಷ ಅನ್ನುತ್ತ ಅವನಿಗೆ ಮೀಸೆ ಬಂತು. ಚಿತ್ತಯ್ಯಜ್ಜ ತೀರಿಕೊಂಡ. ಬೀರನೇ ಮಾಲಿಯಾದ. ಗುಡ್ಡಪ್ಪ ಎಲ್ಲೋ ಕುರಿ ಮೇಯಿಸುತ್ತಿದ್ದಾಗ ಹಾವು ಕಚ್ಚಿ ಹೋದ. ಮೀಸೆ ಬಂದ ಗಂಡಸು ತಾಯಿಯ ಮುಂದೆ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುವುದು ಮಾತ್ರ ತಪ್ಪಲಿಲ್ಲ. ಮದುವೆಯ ಮಾತೆತ್ತಿದರೆ ಅವಳು, "ಇನ್ನೊಂಚೂರು ಬೆಳೀಲಿ ತಡಿ," ಅನ್ನುವಳು. ಮಾತಾಡಿಸಲು ಬಂದವರು ಮುಖ ತಿರುಗಿಸಿ ನಗುವುದನ್ನು ನಾನು ಕಂಡಿದ್ದೇನೆ. ಅವರಿಗೆ ನಾನು ಸೌಟಿನಲ್ಲಿ ಕೊಟ್ಟದ್ದು ತಿಳಿಸಾರೇ.

ಅವಳಿಗೆ ಎದೆನೋವು ಹಿಡಿದು ಹಾಸಿಗೆ ಸೇರಿದ ವರ್ಷ ಬೀರನಿಗೆ ಇಪ್ಪತ್ತೈದರ ಹತ್ತಿರ. ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆದು ಹಾಕಿದ್ದೆವು, ಗಿಡಗಳಾದರೂ ಕಾಣಲಿ ಎಂದು. ಒಂದು ಮಧ್ಯಾಹ್ನ ನಾನು ರಾಗಿಗಂಜಿ ಹಿಡಿದು ಒಳಗೆ ಹೋದರೆ ಅವಳು ಒರಗಿ ಕೂತು ಹೊರಗೆ ನೋಡುತ್ತಿದ್ದಾಳೆ. ನಾನೂ ನೋಡಿದೆ. ಬೀರ ಜಗುಲಿಯ ಸಾಲಿನಲ್ಲಿ ನಡೆಯುತ್ತಿದ್ದ. ಅವನಿಗೆ ಕುಕ್ಕರುಗಾಲಲ್ಲಿ ಕೂರುವ ಅಗತ್ಯವೇ ಇರಲಿಲ್ಲ. ಎಲೆಗಳ ನಡುವೆ ಕೈ ತೂರಿಸಿ, ಆಗಷ್ಟೇ ಕಣ್ಣು ಬಿಡುತ್ತಿದ್ದ ತುದಿಯನ್ನು ಉಗುರಿನಿಂದ ಚಿವುಟಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಒಂದು ಗಿಡ, ಇನ್ನೊಂದು ಗಿಡ. ಅಷ್ಟು ಎಳೆಯದರಲ್ಲಿ ಚಿವುಟಿದರೆ ಗಾಯದ ಗುರುತೂ ಉಳಿಯದು.

"ಬೀರಾ," ಎಂದು ಕರೆದಳು.

ಅವನು ಬಂದು ಬಾಗಿಲಲ್ಲಿ ನಿಂತ. ತಾಯಿಯ ಮುಖ ನೋಡಿದ ಕೂಡಲೇ ಅವನಿಗೆ ತಿಳಿದುಹೋಯಿತು.

"ಯಾವಾಗಿಂದ?"

"ಸಣ್ಣೋನಿದ್ದಾಗಿಂದ ಅವ್ವ. ನೀನು ಮರಳು ತರಾಕೆ ಹೊಳೆಗೆ ಹೋದಾಗ. ಚಿತ್ತಯ್ಯಜ್ಜ ಹೇಳ್ಕೊಟ್ಟ. ನಿನ್ ಕೆಲ್ಸ ಹೋಗಬಾರ್ದು ಅಂತ."

ಅವಳು ಬೆರಳಿನ ದಾರವನ್ನು ತಿರುಗಿಸಿ ನೋಡಿಕೊಂಡಳು. "ಹಂಗಾದ್ರೆ ದೇವ್ರು ಒಪ್ಪೇ ಇರ್ಲಿಲ್ಲ," ಅಂದಳು. "ಒಪ್ಪಿದಾನೆ ಅಂತ ನಾನೊಬ್ಳೇ ಅಂದ್ಕಂಡಿದ್ದೆ. ಈ ಕೈಯೇ ನಿನ್ನ ಮುರೀತು. ಈ ಕೈಯೇ." ಅಂದವಳು ದಾರ ಕಟ್ಟಿದ ಕೈಯನ್ನು ಮಂಚದ ಪಟ್ಟಿಗೆ ಬಡಿದುಕೊಳ್ಳತೊಡಗಿದಳು. ಹಿಡಿಯಲು ಹೋದರೆ ಎಲ್ಲಿತ್ತೋ ಆ ಬಲ, ನನ್ನನ್ನೇ ನೂಕಿದಳು. ಗಂಜಿಯೆಲ್ಲ ನೆಲದ ಪಾಲಾಯಿತು.

ಬೀರ ಮಂಚ ಹತ್ತಿ ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದ.

"ಕೇಳವ್ವ. ದೇವ್ರು ಒಪ್ಪಿದ್ದ. ನಾನೇ ಕೆಡಿಸಿದೆ. ನೀನು ಅಷ್ಟು ನೇಮದಾಗೆ ಇದ್ದಾಗ ನಾನು ಹಿಂದಿಂದ ಚಿವುಟ್ತಾ ಬಂದೆ. ಅದ್ಕೇ ನಾನು ಬೆಳೀಲಿಲ್ಲ. ನನ್ ಕೈಯಾರೆ ಮಾಡ್ಕಂಡಿದ್ದು. ನಿಂದೇನೂ ಇಲ್ಲ ಅವ್ವ."

ಸುಳ್ಳು! ಆ ಹರಕೆಯನ್ನು ಅವನು ಎಂದೂ ನಂಬಿದವನಲ್ಲ. "ದೊಡ್ಡವ್ವ, ನಾನೇನು ಕ್ರೋಟನ್ ಗಿಡವಾ?" ಎಂದು ನನ್ನ ಅಡಿಗೆಮನೆಯಲ್ಲಿ ಎಷ್ಟು ಸಲ ನಕ್ಕಿದ್ದಾನೋ. ಈಗ ಕಣ್ಣು ಮಿಟುಕಿಸದೆ ಹೇಳಿಬಿಟ್ಟ.

ಹುಲಿಗೆಮ್ಮ ಅವನನ್ನು ನೋಡಿದಳು. ಮುಖದ ಬಿಗಿ ಒಂದೊಂದೇ ಎಳೆಯಾಗಿ ಸಡಿಲಾಯಿತು. "ಮೂಳಮುಂಡೇದೇ," ಅಂದಳು, "ಒಂದು ಮಾತು ನನ್ನ ಕೇಳಬಾರ್ದಾಗಿತ್ತಾ? ಕೆಲ್ಸ ಹೋದ್ರೆ ಹೋಗ್ತಿತ್ತು. ನೀನು ಬೆಳೀತಿದ್ದೆಯಲ್ಲೋ." ಅವನ ತಲೆಯನ್ನು ಎದೆಗೆ ಒತ್ತಿಕೊಂಡು ಗೊಳೋ ಎಂದು ಅತ್ತಳು. ಅತ್ತು ಮುಗಿದ ಮೇಲೆ ಬಲಗೈ ಮುಂದೆ ಚಾಚಿ, "ಬಿಚ್ಚಪ್ಪ ಇದನ್ನ," ಅಂದಳು. ಬೀರ ಹೆಬ್ಬೆರಳಿನ ದಾರ ಬಿಚ್ಚಿದ. ಕೆಳಗಿನ ಚರ್ಮ ಹಸುಗೂಸಿನದರಂತೆ ಬೆಳ್ಳಗಿತ್ತು.

ಅವಳು ಆಮೇಲೆ ಸ್ವಲ್ಪ ದಿನ ಇದ್ದಳು. ಆ ದಿನಗಳಲ್ಲಿ ಚೆನ್ನಾಗಿ ಉಂಡಳು, ನಿದ್ದೆ ಮಾಡಿದಳು. ನೋಡಲು ಬಂದವರಿಗೆಲ್ಲ ಬಾಯಿ ತುಂಬ ಹೇಳಿದಳು, "ನನ್ ಕೈಯಿಂದ ಆಗಿದ್ದಲ್ರೀ. ಅವ್ನೇ, ನನ್ ಮಗನೇ ಹರಕೆ ಕೆಡಿಸ್ಕಂಡಿದ್ದ." ಮತ್ತೋಡಿನ ನೆಂಟರಿಗೆ ಹೇಳಿದಳು, ಹಾಲಿನವಳಿಗೆ ಹೇಳಿದಳು, ಕಾಲುವೆಯ ನೀರುಗಂಟಿಗೆ ಕಿಟಕಿಯಿಂದಲೇ ಕೂಗಿ ಹೇಳಿದಳು. ಬೀರ ಪಕ್ಕದಲ್ಲೇ ನಿಂತು ಹೂಂಗುಟ್ಟುತ್ತಿದ್ದ. ನನಗೆ ಅವಳ ಮೇಲೆ ಸಿಟ್ಟೂ ಬಂತು, ಸಾಯುವವಳ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಊರಿನಲ್ಲಿ ಹರಡಿದ ಮಾತು ಅದೇ. ಬೀರನ ತಾಯಿಯೇ ಹೇಳಿದ್ದು ಅಂದರೆ ಯಾರು ನಂಬುವುದಿಲ್ಲ?

ಮಣ್ಣು ಮಾಡಿ ಬಂದ ಮೇಲೆ ನಾನು ಅವನನ್ನು ಕೇಳಿದೆ. "ಯಾಕಪ್ಪ ಹಂಗೆ ಹೇಳ್ದೆ? ಡಾಕ್ಟರು ಹೇಳಿದ್ದು ನಿಂಗೂ ಗೊತ್ತು, ನಂಗೂ ಗೊತ್ತು."

"ಅವಳಿಗೆ ಯಾರದಾದ್ರೂ ತಪ್ಪು ಬೇಕಾಗಿತ್ತು ದೊಡ್ಡವ್ವ. ಅಷ್ಟು ವರ್ಷ ಹೊತ್ತು ಸುಸ್ತಾಗಿದ್ಲು," ಅಂದ. ಕಾಲು ತೊಳೆದುಕೊಂಡು ಗಿಡಗಳಿಗೆ ನೀರು ಹಾಕಲು ಹೋದ.

ಮುಗಿಯಿತು ಅಂದುಕೊಂಡೆ. ಆ ವರ್ಷ ಜಗುಲಿಯ ಗಿಡಗಳು ಏರಿದವು. ಕ್ರೋಟನ್ನು ಜಗುಲಿಯಂಚಿನ ಕಟಾಂಜನದ ಕಂಬಿ ದಾಟಿತು, ರಬ್ಬರ್ ಗಿಡ ಸೂರಿಗೆ ತಲೆ ಕೊಟ್ಟು ಬಾಗಿತು. ಬುಡಗಳೆಲ್ಲ ಬೋಳು. ಸಾಹೇಬರು ಎರಡು ಸಲ ಗದರಿದರು. ತಾಯಿ ಹೋದ ದುಃಖ, ಹುಡುಗನಿಗೆ ಮನಸ್ಸಿಲ್ಲ ಎಂದು ನಾನೇ ಅವನ ಪರವಾಗಿ ಬೇಡಿಕೊಂಡೆ.

ಯುಗಾದಿಯ ಬೆಳಿಗ್ಗೆ ಬೇವುಬೆಲ್ಲ ಕೊಡಲು ಅವನ ಕೋಣೆಗೆ ಹೋದೆ. ಎಣ್ಣೆನೀರು ಹಾಕಿಕೊಂಡಿದ್ದ, ಒಗೆದ ಅಂಗಿ ತೊಟ್ಟಿದ್ದ. ಬಟ್ಟಲು ಇಸಿದುಕೊಳ್ಳಲು ಕೈ ಚಾಚಿದಾಗ ಕಂಡೆ, ಬಲಗೈ ಹೆಬ್ಬೆರಳಿಗೆ ಕರಿ ಉಣ್ಣೆಯ ದಾರ. ಅವಳ ಕೈಯಿಂದ ಬಿಚ್ಚಿದ್ದೇ.

"ಏನೋ ಇದು ಬೀರಾ?"

ಅವನು ಬಟ್ಟಲು ಇಸಿದುಕೊಳ್ಳದೆ ಕೈ ಹಿಂದಕ್ಕೆ ಎಳೆದುಕೊಂಡ. ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಹಿಮ್ಮಡಿ ಹಿಂದಕ್ಕೆ ತಾಗಿಸಿದ.

"ಒಂದು ವರ್ಷದಿಂದ ಒಂದು ತುದೀನೂ ಮುಟ್ಟಿಲ್ಲ ದೊಡ್ಡವ್ವ," ಅಂದ. "ಏನಾದ್ರೂ ಬೆಳದೀನಾ, ಸ್ವಲ್ಪ ನೋಡು."

ನಾನು ಬಟ್ಟಲು ಕೆಳಗಿಟ್ಟೆ. ಅವಳು ಒತ್ತುತ್ತಿದ್ದಂತೆಯೇ ಅವನ ಎರಡು ಭುಜ ಒತ್ತಿ ಹಿಡಿದೆ. ತಲೆಯಿಂದ ಚಿಲಕದ ತನಕ ನೋಡಿದೆ. ಅವನು ಮೇಲೆ ನೋಡದೆ ನನ್ನ ಮುಖವನ್ನೇ ನೋಡುತ್ತಿದ್ದ.

"ಬರೋ ವರ್ಷ ಬಿಡಪ್ಪ," ಅಂದೆ.